ಇನ್‌ಸ್ಪೆಕ್ಷನ್ ದಿನದ ಎಟ್ಟಿ ಚಟ್ನಿ

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಆಗ ಮಂಗಳೂರು ಮದ್ರಾಸಿಗೆ ಸೇರಿತ್ತು. ಬಲ್ಮಠದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಒಂದು ಸಣ್ಣ ಹೆಂಗಸರ ಆಸ್ಪತ್ರೆಯಲ್ಲಿ ನಾನು ನರ್ಸ್ ಕೆಲಸ ಕಲಿಯುತ್ತಿದ್ದೆ. ಅದು ನನ್ನ ಕೊನೆಯ ವರ್ಷ. "ಹೆಣ್ಣುಮಗಳಿಗೆ ಕಂಡವರ ಮಲಮೂತ್ರ ಎತ್ತುವ ಕೆಲಸವಾ?" ಎಂದು ನೆಂಟರೆಲ್ಲ ಮೂಗು ಮುರಿದಿದ್ದರು. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪ ಮಾತ್ರ ಯಾರ ಮಾತೂ ಕಿವಿಗೆ ಹಾಕಿಕೊಳ್ಳದೆ ನನ್ನನ್ನು ಕಳಿಸಿದ್ದರು.

ಆ ವರ್ಷ ಮದ್ರಾಸಿನಿಂದ ಇನ್‌ಸ್ಪೆಕ್ಷನ್ ಬರುವುದಿತ್ತು. ಅವರು ನೋಡಿ ಒಪ್ಪಿದರೆ ಮಾತ್ರ ನಮ್ಮ ಆಸ್ಪತ್ರೆಯ ತರಬೇತಿಗೆ ಬೆಲೆ. ಇಲ್ಲದಿದ್ದರೆ ನಾವು ಕಲಿತದ್ದನ್ನು ಯಾರೂ ಕಲಿಕೆ ಎಂದು ಒಪ್ಪುವುದಿಲ್ಲ, ಬೇರೆಲ್ಲೂ ಕೆಲಸ ಸಿಗುವುದಿಲ್ಲ. ಆದ್ದರಿಂದ ನರ್ಸುಗಳ ಮೇಲ್ವಿಚಾರಕಿ, ನಾವು ಮೇಟ್ರನ್ ಬಾಯಿ ಎಂದು ಕರೆಯುತ್ತಿದ್ದವರಿಗೆ ಸರಿಯಾಗಿ ನಿದ್ದೆಯೇ ಇರಲಿಲ್ಲ. ಅವರಿಗೆ ಇಲ್ಲದ ಮೇಲೆ ನಮಗೆಲ್ಲಿಂದ ಬರಬೇಕು?

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಆ ವಾರವಿಡೀ ಒಳಗೊಳಗೇ ಕುದಿಯುತ್ತಿದ್ದೆ. ಹಿತ್ತಾಳೆಯ ನಲ್ಲಿಗಳನ್ನು ಹುಣಸೆಹುಳಿ ಹಚ್ಚಿ ಉಜ್ಜಬೇಕು. ಬೆಡ್‌ಪ್ಯಾನಿನಲ್ಲಿ ಮುಖ ಕಾಣಬೇಕು. ಎಲ್ಲ ಮಂಚಗಳ ಗಾಲಿ ಒಂದೇ ಕಡೆ ತಿರುಗಿರಬೇಕು. ದಿಂಬಿನ ಚೀಲದ ಬಾಯಿ ಬಾಗಿಲಿನಿಂದ ಕಾಣಬಾರದು. ಚಾದರ ಸುಕ್ಕಾಗುತ್ತದೆ ಎಂದು ರೋಗಿಗಳು ಮಗ್ಗುಲಾಗುವ ಹಾಗಿಲ್ಲ! ಹೊರಗಿನವರು ಒಳಗೆ ಬರಬಾರದು, ಮನೆಯ ಊಟ ಬರಲೇಬಾರದು. ಎಲ್ಲಿ ನೋಡಿದರೂ ಫಿನೈಲಿನ ವಾಸನೆ.

"ಈ ಮಂಚಗಳಿಗೆ ಮಾಡಿದ ಚಾಕರಿ ರೋಗಿಗಳಿಗೆ ಮಾಡಿದ್ದರೆ ಎಲ್ಲರೂ ಗುಣವಾಗಿ ಮನೆಗೆ ಹೋಗ್ತಿದ್ದರು ಮಾರಾಯ್ತಿ," ಎಂದಳು ಜೂಲಿ. ಅವಳೂ ನನ್ನ ಜೊತೆಗೇ ಕಲಿಯುತ್ತಿದ್ದವಳು, ತಮಾಷೆಯ ಹುಡುಗಿ.

ಅವಳು ತಮಾಷೆಗೆ ಹೇಳಿದ್ದು ನನಗೆ ಚುಚ್ಚಿತು. ಕಾರಣ, ಕಿಟಕಿಯ ಪಕ್ಕದ ಮಂಚದಲ್ಲಿದ್ದ ಗಿರಿಜ.

ಗಿರಿಜ ಹೊಳೆಯಾಚೆ ಬೆಂಗ್ರೆಯವಳು, ಮೀನು ಹಿಡಿಯುವವರ ಮನೆಯ ಸೊಸೆ. ಮೊದಲಿನ ಎರಡು ಮಕ್ಕಳು ಹುಟ್ಟಿದ ವಾರದಲ್ಲೇ ಹೋಗಿದ್ದವು. ಈ ಸಲ ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣು ಕೂಸು, ಉದ್ದ ಒಂದು ಮೊಳವೂ ಇರಲಿಲ್ಲ. ಅಳುವುದಕ್ಕೂ ಶಕ್ತಿಯಿಲ್ಲದೆ ಬೆಕ್ಕಿನ ಮರಿಯ ಹಾಗೆ ಮುಲುಗುತ್ತಿತ್ತು. ನಾವು ಅದನ್ನು ಹತ್ತಿಯಲ್ಲಿ ಸುತ್ತಿ, ಬುಟ್ಟಿಯಲ್ಲಿ ಬಿಸಿನೀರಿನ ಸೀಸೆಗಳ ನಡುವೆ ಮಲಗಿಸಿ, ಹನಿಹನಿಯಾಗಿ ಹಾಲು ಬಿಡುತ್ತಿದ್ದೆವು. ಗಿರಿಜ ಒಂದು ಸಲವೂ ಬುಟ್ಟಿಯ ಕಡೆ ತಿರುಗಲಿಲ್ಲ. "ಇದೂ ಹೋಗ್ತದೆ. ಮುಖ ನೋಡಿ ಎಂತ ಮಾಡುವುದು?" ಎಂದವಳು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಅನ್ನ ಬೇಡ, ಗಂಜಿ ಬೇಡ. ನಾವು ಒತ್ತಾಯದಿಂದ ಬಾಯಿಗೆ ಬಿಟ್ಟದ್ದಷ್ಟೇ ಹೊಟ್ಟೆಗೆ ಹೋಗುತ್ತಿತ್ತು. "ಹೀಗೇ ಆದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ," ಎಂದು ಡಾಕ್ಟರಮ್ಮ ಹೇಳಿದ್ದರು.

ಇನ್‌ಸ್ಪೆಕ್ಷನ್ನಿನ ದಿನ ಬೆಳಿಗ್ಗೆ ನಾನು ಅವಳ ಚಾದರ ಎಳೆದು ಬಿಗಿ ಮಾಡುತ್ತಿದ್ದೆ. ಗೋಡೆಯ ಕಡೆಯಿಂದ ಸಣ್ಣ ದನಿ ಕೇಳಿತು.

"ನರ್ಸಮ್ಮ, ಎಟ್ಟಿ ಚಟ್ನಿ ಉಂಟಾ?"

ನಾನು ಕೈಯಲ್ಲಿದ್ದ ಚಾದರ ಬಿಟ್ಟೆ. ಎಟ್ಟಿ ಎಂದರೆ ನಮ್ಮಲ್ಲಿ ಸಿಗಡಿ. ಒಣಗಿಸಿದ ಎಟ್ಟಿಯನ್ನು ಹುರಿದು, ಮೆಣಸು ಉಪ್ಪು ಸೇರಿಸಿ ಕುಟ್ಟಿದರೆ ಗಂಜಿಗೆ ಅದಕ್ಕಿಂತ ರುಚಿ ಬೇರೆಯಿಲ್ಲ. ಆದರೆ ಹುರಿಯುವಾಗಿನ ಘಾಟು ಮೂರು ಮನೆಯಾಚೆಗೂ ಹೋಗುತ್ತದೆ. ಇಷ್ಟು ದಿನ ಬಾಯಿ ಬಿಡದ ಹೆಂಗಸು ಬಾಯಿ ಬಿಟ್ಟು ಕೇಳಬೇಕೇ, ಅದೂ ಇವತ್ತೇ, ಅದೂ ಎಟ್ಟಿಯನ್ನೇ!

"ನಾಳೆ ಮಾಡಿಕೊಡ್ತೇನೆ, ಆಗದಾ?" ಎಂದೆ.

ಅವಳು ಮತ್ತೆ ಗೋಡೆಯ ಕಡೆ ಸರಿದುಕೊಂಡಳು. ನಾಳೆ ಇವಳು ಕೇಳುತ್ತಾಳೆ ಎಂದು ಯಾವ ದೇವರು ನನಗೆ ಬರೆದುಕೊಟ್ಟಿದ್ದಾನೆ?

ಗೇಟಿಗೆ ಓಡಿದೆ. ಗಿರಿಜಳ ಅತ್ತೆ ಹೊರಗೆ ಗೋಡೆಯ ನೆರಳಲ್ಲಿ ಕೂತಿದ್ದರು. ಪಾಪ, ದಿನವೂ ದೋಣಿ ದಾಟಿ, ಬಿಸಿಲಲ್ಲಿ ನಡೆದು ಬಂದು, ಒಳಗೆ ಬಿಡದ್ದಕ್ಕೆ ಅಲ್ಲೇ ಕೂತು ಸಂಜೆ ವಾಪಸು ಹೋಗುತ್ತಿದ್ದ ಮುದುಕಿ. ಸೆರಗಿನಲ್ಲಿ ಸೊಸೆಗೆಂದು ತಂದ ಒಣ ಎಟ್ಟಿಯ ಗಂಟು ಇತ್ತು. ನಾನು ಕೇಳಿದ್ದೇ ತಡ, ಗಂಟು ನನ್ನ ಕೈಗೆ ಹಾಕಿ, "ಕೇಳಿದಳಾ? ಅವಳಾಗಿ ಕೇಳಿದಳಾ?" ಎಂದು ಅಳುವುದಕ್ಕೇ ಶುರು ಮಾಡಿದರು.

ವಾರ್ಡಿನ ಪಕ್ಕದಲ್ಲಿ ನೀರು ಕಾಯಿಸುವ ಒಂದು ಗೂಡಿನಂಥ ಕೋಣೆ ಇತ್ತು. ಅಲ್ಲಿಯ ಇದ್ದಿಲಿನ ಒಲೆಯಲ್ಲಿ ಎಟ್ಟಿ ಹುರಿದೆ, ಒಣಮೆಣಸು ಸುಟ್ಟೆ. ಕುಟ್ಟುವುದಕ್ಕೆ ಕಲ್ಲಿಲ್ಲ. ಇನ್‌ಸ್ಪೆಕ್ಷನ್ನಿಗೆಂದು ತೊಳೆದು ಕುದಿಸಿ ಇಟ್ಟಿದ್ದ, ಔಷಧಿ ಅರೆಯುವ ಬಿಳಿ ಪಿಂಗಾಣಿಯ ಕುಟ್ಟಾಣಿ ಕಣ್ಣಿಗೆ ಬಿತ್ತು. ಹಿಂದುಮುಂದು ನೋಡದೆ ಅದರಲ್ಲೇ ಕುಟ್ಟಿದೆ. ಘಾಟಿಗೆ ಓಡಿಬಂದ ಜೂಲಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ನಿನಗೆ ಮರುಳಾ? ಮದ್ರಾಸಿನ ದೊರೆಸಾನಿ ಆಫೀಸಿನಲ್ಲಿ ಕೂತು ಚಾ ಕುಡಿತಿದ್ದಾರೆ!"

"ಕುಡಿಯಲಿ. ನೀನು ಗಂಜಿ ಬಗ್ಗಿಸು," ಎಂದೆ.

ಗಿರಿಜಳನ್ನು ಎಬ್ಬಿಸಿ ದಿಂಬಿಗೆ ಒರಗಿಸಿದೆ. ನಾನೂ ಮಂಚದ ಮೇಲೆಯೇ ಕೂತೆ. ರೋಗಿಯ ಮಂಚದ ಮೇಲೆ ನರ್ಸ್ ಕೂರುವುದೆಂದರೆ ನಮ್ಮಲ್ಲಿ ಮಹಾಪರಾಧ. ಮೊದಲ ತುತ್ತು ಕೊಟ್ಟೆ, ನುಂಗಿದಳು. ಎರಡನೆಯದಕ್ಕೆ ತಾನಾಗಿ ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದು.

ಎತ್ತರದ ಬಿಳಿ ಹೆಂಗಸು. ಒಳಗೆ ಕಾಲಿಟ್ಟವರೇ ನಿಂತು ಕರವಸ್ತ್ರ ಮೂಗಿಗೆ ಹಿಡಿದು, ಇದೆಂಥ ವಾಸನೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಜನ್ಮದಲ್ಲಿ ಸುಳ್ಳು ಹೇಳದ ನಮ್ಮ ಮೇಟ್ರನ್ ಬಾಯಿ, "ಬಂದರಿನ ಕಡೆಯಿಂದ ಗಾಳಿ, ಮೇಡಂ," ಎಂದರು! ದೊರೆಸಾನಿ ನಂಬಲಿಲ್ಲ. ಮೂಗು ಎಳೆದತ್ತ ನಡೆದು ನೇರ ನಮ್ಮ ಮಂಚದ ಎದುರು ಬಂದು ನಿಂತರು.

ನಾನು ಏಳಲು ಹೋದೆ. ಗಿರಿಜ ನನ್ನ ಸೆರಗು ಬಿಗಿಯಾಗಿ ಹಿಡಿದು ಮತ್ತೆ ಬಾಯಿ ತೆರೆದಳು. ಎದ್ದರೆ ಮರ್ಯಾದೆ ಉಳಿಯುತ್ತದೆ, ಆದರೆ ಇವಳ ಬಾಯಿ ಮುಚ್ಚುತ್ತದೆ. ಏನಾದರೂ ಆಗಲಿ ಎಂದು ಮುಂದಿನ ತುತ್ತು ಕೊಟ್ಟೆ. ಮೇಟ್ರನ್ ಬಾಯಿ ಕಣ್ಣು ಮುಚ್ಚಿಕೊಂಡರು. ಆಮೇಲೆ ತಾವೇ ತಗ್ಗಿದ ದನಿಯಲ್ಲಿ, ಈಕೆ ಹೆತ್ತ ಮೇಲೆ ತಾನಾಗಿ ಉಣ್ಣುತ್ತಿರುವುದು ಇದೇ ಮೊದಲು ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ದೊರೆಸಾನಿ ಗಿರಿಜಳನ್ನು ನೋಡಿದರು, ನನ್ನ ಕೆಂಪಾದ ಬೆರಳುಗಳನ್ನು ನೋಡಿದರು. ಹೋಗಿ ತಾವೇ ಕಿಟಕಿ ಅಗಲವಾಗಿ ತೆರೆದು, ಪಕ್ಕದ ಕೋಣೆಗೆ ನಡೆದರು.

ಅಲ್ಲಿ ಕುಟ್ಟಾಣಿ ಇತ್ತಲ್ಲ! ಅದನ್ನೆತ್ತಿ ಮೂಗಿನ ಹತ್ತಿರ ಹಿಡಿದಿರಬೇಕು. ಒಂದು ಸೀನು ಬಂತು ನೋಡಿ, ಹಂಚು ಹಾರಿಹೋಗುವಂಥದ್ದು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮೇಟ್ರನ್ ಬಾಯಿ ನೀರಿಗೆ ಓಡಿದರು. ಬೊಂಬೆಗಳ ಹಾಗೆ ಮಲಗಿದ್ದ ರೋಗಿಗಳೆಲ್ಲ ಚಾದರ ಬಾಯಿಗೆ ತುರುಕಿಕೊಂಡು ನಕ್ಕರು. ಗಿರಿಜಳ ತುಟಿಯೂ ಅರಳಿತು.

ಆ ಸದ್ದಿಗೆ ಬುಟ್ಟಿಯಲ್ಲಿದ್ದ ಕೂಸು ಬೆಚ್ಚಿ ಅತ್ತಿತು. ಮುಲುಗಾಟ ಅಲ್ಲ, ಮುಖ ಕೆಂಪು ಮಾಡಿಕೊಂಡು, ಸಿಟ್ಟಿನಲ್ಲಿ, ವಾರ್ಡಿಗೆಲ್ಲ ಕೇಳುವ ಹಾಗೆ ಅತ್ತಿತು. ಗಿರಿಜ ತಟ್ಟನೆ ತಿರುಗಿದಳು. ಬುಟ್ಟಿಯನ್ನೇ ನೋಡಿದಳು. ಅವಳ ರವಕೆಯ ಎದೆ ಒದ್ದೆಯಾಗುತ್ತಿತ್ತು. ಬಟ್ಟಲನ್ನು ಒಂದು ಕೈಯಿಂದ ದೂಡಿ ಎರಡೂ ಕೈ ಚಾಚಿದಳು.

"ಇಂಚಿ ಕೊರ್ಲೆ," ಎಂದಳು. ತುಳುವಿನಲ್ಲಿ, ಇಲ್ಲಿ ಕೊಡಿ ಎಂದು.

ಮೆಣಸಿನ ಕೈ ತೊಳೆದುಕೊಂಡು ಕೂಸನ್ನು ಕೊಡುವಾಗ ನನಗೆ ಏನೂ ಕಾಣಿಸುತ್ತಿರಲಿಲ್ಲ, ಕಣ್ಣು ಅಷ್ಟು ತುಂಬಿತ್ತು. ಎಟ್ಟಿಯ ಘಾಟು ಎಂದು ಜೂಲಿಗೆ ಹೇಳಿದೆ.

ಅಂದು ಸಂಜೆ ಮೇಟ್ರನ್ ಬಾಯಿ ನನ್ನನ್ನು ಕರೆಸಿ ಬೈದ ಬೈಗುಳ ಇವತ್ತಿಗೂ ಬಾಯಿಪಾಠ ಬರುತ್ತದೆ. ಮಂಚದ ಮೇಲೆ ಕೂತದ್ದಕ್ಕೆ ಒಂದು ಭಾನುವಾರದ ರಜೆ ಹೋಯಿತು, ಕುಟ್ಟಾಣಿಗೆ ಇನ್ನೊಂದು. ನಾನು ತಲೆ ತಗ್ಗಿಸಿ ಹೊರಡುವಾಗ ಹಿಂದಿನಿಂದ, "ಆ ಚಟ್ನಿ ಸ್ವಲ್ಪ ಉಳಿದದ್ದು ಉಂಟಾ?" ಎಂದು ಕೇಳಿದರು.

ಮದ್ರಾಸಿನ ಉತ್ತರ ಬರುವವರೆಗೆ ನಾನು ಸರಿಯಾಗಿ ಉಂಡವಳಲ್ಲ. ನನ್ನಿಂದಾಗಿ ಜೂಲಿಯ ಕಲಿಕೆಯೂ ಹಾಳಾದರೆ ಎಂಬ ಹೆದರಿಕೆ. ಕೊನೆಗೆ ಒಪ್ಪಿಗೆ ಬಂತು. ಜೊತೆಗೆ ಒಂದು ಆಕ್ಷೇಪ: ರೋಗಿಗಳ ಮನೆಯವರು ಅಡುಗೆ ಮಾಡಿಕೊಳ್ಳಲು ವಾರ್ಡಿನಿಂದ ದೂರ ಬೇರೆ ಜಾಗ ಕಡ್ಡಾಯವಾಗಿ ಬೇಕು! ಮೇಟ್ರನ್ ಬಾಯಿ ವರ್ಷಗಟ್ಟಲೆ ಕೇಳಿ ಸಿಗದಿದ್ದ ಅಡುಗೆಮನೆ ಮುಂದಿನ ಮಳೆಗಾಲದೊಳಗೆ ಎದ್ದು ನಿಂತಿತು. ಅದರಲ್ಲಿ ಮೊದಲು ಒಲೆ ಹಚ್ಚಿದ್ದು ಬ್ಯಾರಿ ಮುಸ್ಲಿಮರ ಒಬ್ಬ ಅಜ್ಜಿ, ಮಗಳ ಬಾಣಂತನಕ್ಕೆ ಬಂದವರು.

ಗಿರಿಜ ಕೂಸನ್ನು ಎತ್ತಿಕೊಂಡು ದೋಣಿ ದಾಟಿ ಮನೆಗೆ ಹೋದಳು. ಆಮೇಲೆ ಎಷ್ಟೋ ವರ್ಷ, ಮಳೆ ಹಿಡಿಯುವ ಮೊದಲು ಒಣ ಎಟ್ಟಿಯ ಒಂದು ಗಂಟು ನನಗೆ ಬರುತ್ತಿತ್ತು. ಮೊದಮೊದಲು ಅತ್ತೆ ತರುತ್ತಿದ್ದರು, ಆಮೇಲೆ ಉದ್ದ ಜಡೆಯ ಒಬ್ಬ ಹುಡುಗಿ ತರತೊಡಗಿದಳು. ಅವಳ ದನಿ ಬಲು ದೊಡ್ಡದು. ಗೇಟಿನಿಂದಲೇ ಕೂಗುತ್ತಿದ್ದಳು.

ನನ್ನ ಕೆಲಸದ ಕಾಲದಲ್ಲಿ ಇನ್‌ಸ್ಪೆಕ್ಷನ್‌ಗಳು ಎಷ್ಟೋ ಬಂದವು, ಹೋದವು. ಪ್ರತಿ ಸಲವೂ ಗೊಣಗುತ್ತಲೇ ಉಜ್ಜಿದ್ದೇನೆ, ತಿಕ್ಕಿದ್ದೇನೆ. ಈಗ ಮನೆಯಲ್ಲಿ ಹಾಸಿಗೆ ಹಾಸುವಾಗಲೂ ದಿಂಬಿನ ಬಾಯಿ ಬಾಗಿಲಿನಿಂದ ಆಚೆಗೇ ತಿರುಗುತ್ತದೆ, ಕೈ ಹೇಳಿದ್ದು ಕೇಳುವುದಿಲ್ಲ. ಮದ್ರಾಸಿನಿಂದ ಬಂದ ಸರ್ಟಿಫಿಕೇಟು ಗೋಡೆಯ ಮೇಲಿದೆ, ಗೆದ್ದಲು ಅರ್ಧ ತಿಂದಿದೆ. ಅದಕ್ಕಾಗಿ ನನಗೇನೂ ಬೇಸರವಿಲ್ಲ. ನಾನು ನರ್ಸ್ ಆದೆ ಎಂದು ನನಗೆ ಗೊತ್ತಾದದ್ದು ಅದು ಬರುವುದಕ್ಕೂ ಮೊದಲು, ಗಿರಿಜ ಎರಡೂ ಕೈ ಚಾಚಿ "ಇಂಚಿ ಕೊರ್ಲೆ" ಎಂದಾಗ.