ಕೇಳದೆ ಫೋಟೊ ತೆಗೆಯದ ಯೋಲಾನಾ ಬೀಬಿ

ಬೆಳಕು ಇನ್ನೂ ಹರಿದಿಲ್ಲ. ಹೊಳೆಯಾಚೆ ಊರು ಮಲಗಿದೆ. ಈಚೆ, ಊರವರು ಜಿಪ್ಸಿಗಳು ಎನ್ನುವ ನಮ್ಮ ರೋಮಾ ಜನರ ಕೇರಿಯ ಬಸ್ ನಿಲ್ದಾಣದಲ್ಲಿ ಜನ ಆಗಲೇ ಬಂದು ನಿಂತಿದ್ದಾರೆ. ಇಟ್ಟಿಗೆ ಹೊರುವವರು, ಕೋಳಿ ಕಾರ್ಖಾನೆಯ ಹೆಂಗಸರು, ಆಸ್ಪತ್ರೆಯ ನೆಲ ಒರೆಸುವವರು. ಅವರೆದುರು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು, ಮರಗಟ್ಟಿದ ಬೆರಳುಗಳಿಗೆ ಬಿಸಿಯುಸಿರು ಊದುತ್ತ ಯೋಲಾನಾ ಮಿರ್ಗೋವಾ ನಿಂತಿದ್ದಾರೆ. ಕೇರಿಗೆಲ್ಲ ಆಕೆ ಬೀಬಿ, ಅಂದರೆ ಅತ್ತೆ.

‘ತೆಗೀಲಾ?’ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಹೂಂ ಎಂದರೆ ಮಾತ್ರ ಕ್ಯಾಮೆರಾ ಮೇಲೇಳುತ್ತದೆ.

‘ಹೊಟ್ಟೆ ಒಳಗೆಳ್ಕೊಂಡಿದೀನಿ ಬೀಬಿ, ಬೇಗ ತೆಗಿ, ಉಸಿರು ಕಟ್ತದೆ’ ಎನ್ನುತ್ತಾನೆ ಹಮಾಲಿ ದೆಜಿದರ್.

‘ಉಸಿರು ಬಿಡು ಮಾರಾಯ. ಅದು ಒಳಗೆ ಹೋಗೋ ಹೊಟ್ಟೆ ಅಲ್ಲ.’

ಬಸ್ಸು ಬಂದಾಗ ಬೀಬಿಯೂ ಹತ್ತುತ್ತಾರೆ. ರೈಲು ನಿಲ್ದಾಣದ ಪಾಯಿಖಾನೆ ತೊಳೆಯುವುದು ಅವರ ಕೆಲಸ. ಮಂಡಿ ಎರಡೂ ಹೋಗಿವೆ. ಕ್ಯಾಮೆರಾ ಇಂಗ್ಲೆಂಡಿಗೆ ದುಡಿಯಲು ಹೋಗಿದ್ದ ತಂಗಿಯ ಮಗ ಬಳಸಿ ಬಿಟ್ಟಿದ್ದು. ರೋಮಾಗಳು ದುಡಿಯುವುದಿಲ್ಲ ಎಂದು ಊರಿನ ಪತ್ರಿಕೆ ಬರೆದ ವಾರವೇ ಅವರು ಈ ನಿಲ್ದಾಣದಲ್ಲಿ ಫೋಟೊ ತೆಗೆಯಲು ನಿಂತರು. ಇಂದಿಗೂ ನಿಲ್ಲುತ್ತಾರೆ. ಪತ್ರಿಕೆ ಇಂದಿಗೂ ಹಾಗೇ ಬರೆಯುತ್ತದೆ.

ಒಮ್ಮೆ ಈ ಚಿತ್ರಗಳನ್ನು ಊರಿನ ಗ್ರಂಥಾಲಯಕ್ಕೆ ಒಯ್ದಿದ್ದರು. ಇವುಗಳಲ್ಲಿ ರೋಮಾ ಬದುಕು ಕಾಣುವುದಿಲ್ಲ ಎಂದು ಅಲ್ಲಿನವರು ಹಿಂದಿರುಗಿಸಿದರು. ಬೂಟು ಹಾಕಿ ಬುತ್ತಿ ಹಿಡಿದು ನಿಂತ ರೋಮಾ ಅವರ ಕಣ್ಣಿಗೆ ರೋಮಾ ಅಲ್ಲ. ಅವರಿಗೆ ಬೇಕಾದದ್ದು ಕೆಸರು. ಆ ಕೆಸರನ್ನು ನಗರದ ಗಾಜೊ, ಅಂದರೆ ರೋಮಾ ಅಲ್ಲದ, ಛಾಯಾಗ್ರಾಹಕರು ಎಷ್ಟೋ ವರ್ಷಗಳಿಂದ ನಮ್ಮ ಕೇರಿಯಿಂದ ಹೊತ್ತೊಯ್ದು ಚೌಕಟ್ಟು ಹಾಕಿಸಿದ್ದಾರೆ, ಬಹುಮಾನ ಪಡೆದಿದ್ದಾರೆ. ಕೇರಿಗೆ ಮಾತ್ರ ಇನ್ನೂ ಚರಂಡಿ ಬಂದಿಲ್ಲ.

ಹಾಗೆ ಹೊತ್ತೊಯ್ದದ್ದರಲ್ಲಿ ಗೇಜಾನ ಮುಖವೂ ಒಂದು. ಆರು ವರ್ಷದ ಹುಡುಗ, ಬರಿಮೈ, ಕೆಸರಲ್ಲಿ ಕಾಲು, ಕೈಯಲ್ಲಿ ರೊಟ್ಟಿ. ಯಾವುದೋ ದಾನಸಂಸ್ಥೆಯ ಭಿತ್ತಿಪತ್ರವಾಗಿ ಅದು ದೇಶವೆಲ್ಲ ಅಂಟಿತು. ಶಾಲೆಯಲ್ಲಿ ಊರ ಮಕ್ಕಳು ಅವನನ್ನು ‘ಕೆಸರಪ್ಪ’ ಎಂದು ಕರೆದರು. ಅಂದಿನಿಂದ ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ. ದೊಡ್ಡವನಾಗಿ ಇದೇ ಬಸ್ಸಿಗೆ ಕಾಯತೊಡಗಿದಾಗ ಬೀಬಿ ಕೇಳಿದರು, ಅವನು ಬೇಡ ಎಂದ. ಆಮೇಲೆ ಅವನು ದೆಜಿದರ್‌ನ ಬೆನ್ನ ಹಿಂದೆ ನಿಲ್ಲುತ್ತಿದ್ದ, ಬೀಬಿ ಕ್ಯಾಮೆರಾ ಇಳಿಸುತ್ತಿದ್ದರು.

ಈ ವಸಂತದಲ್ಲಿ ಗೇಜಾ ರಾಜಧಾನಿಯ ಕಟ್ಟಡವೊಂದರ ಸಾರುವೆಯಿಂದ ಬಿದ್ದು ಸತ್ತ.

ನಮ್ಮಲ್ಲಿ ಗೋರಿಯ ಕಲ್ಲಿಗೆ ಮುಖ ಬೇಕು. ಪಿಂಗಾಣಿ ಬಿಲ್ಲೆಯ ಮೇಲೆ ಅಚ್ಚು ಹಾಕಿಸಿ ಕಲ್ಲಿನಲ್ಲಿ ಕೂರಿಸುತ್ತೇವೆ. ಗೇಜಾನ ತಾಯಿ ಅರಾಂಕಾ ಮನೆಯೆಲ್ಲ ತಡಕಿದರು. ಗುರುತಿನ ಚೀಟಿಯನ್ನು ಸಾವಿನ ನಂತರ ಕಚೇರಿಯವರು ಇಸಿದುಕೊಂಡಿದ್ದರು. ಅದರಲ್ಲಿನ ಚಿತ್ರ ಕೊಡಿ ಎಂದರೆ ನಿಯಮವಿಲ್ಲ ಎಂದರು. ಕೊನೆಗೆ ಅರಾಂಕಾ ಬೀಬಿಯ ಅಡುಗೆಮನೆಗೆ ಬಂದರು. ಇಬ್ಬರೂ ಮೇಜಿನ ಮೇಲೆ ಚಿತ್ರಗಳನ್ನು ಹರಡಿಕೊಂಡು ಹುಡುಕಿದರು. ಕೇರಿಯ ಎಲ್ಲರೂ ಇದ್ದರು. ಗೇಜಾ ಇರಲಿಲ್ಲ.

‘ಊರೋರಿಗೆಲ್ಲ ಕಂಡ ನನ್ನ ಮಗ ನಿಂಗೆ ಒಬ್ಳಿಗೆ ಕಾಣ್ಲಿಲ್ವಾ? ಒಂದು ಕದ್ದು ತೆಗ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಯೋಲಾನಾ?’

ಹಾಲು ಹಾಕದ ಚಹಾ ಇಬ್ಬರ ಮುಂದೆಯೂ ಆರಿತು.

ಊರಿನ ಕಲ್ಲುಕುಟಿಗ ಒಂದು ದಾರಿ ಹೇಳಿದ. ಆ ಭಿತ್ತಿಪತ್ರದ ಮುಖವನ್ನಷ್ಟೇ ಕತ್ತರಿಸಿದರೆ ಕೆಸರು ಕಾಣುವುದಿಲ್ಲ, ಸಣ್ಣವನಾದರೇನು, ಮಗ ಮಗನೇ ಎಂದ. ಅರಾಂಕಾ ಬಹಳ ಹೊತ್ತು ಆ ಚಿತ್ರ ನೋಡಿದರು. ‘ಅವತ್ತು ಅವನು ಅಳ್ತಿದ್ದ. ಫೋಟೊ ತೆಗ್ದ ಆ ಗಾಜೊ ರೊಟ್ಟಿ ತೋರ್ಸಿ ನಿಲ್ಸಿದ್ದ’ ಎಂದರು. ‘ಈ ಮುಖ ತಲೆ ಮೇಲಿಟ್ಕೊಂಡು ಮಲಗ್ಬೇಕಾ ನನ್ನ ಮಗ?’

ನವೆಂಬರಿನ ಸತ್ತವರ ದಿನಕ್ಕೆ ಕಲ್ಲು ನಿಂತಿತು. ಹೆಸರಿದೆ, ಇಸವಿಗಳಿವೆ. ಮುಖದ ಜಾಗದ ಬಿಲ್ಲೆ ಬರಿ ಬಿಳಿ. ಪಕ್ಕದ ಗೋರಿಗೆ ದೀಪ ಹಚ್ಚಲು ಬಂದ ಊರ ಹೆಂಗಸೊಬ್ಬಳು ಚಿತ್ರ ಯಾಕಿಲ್ಲ, ದುಡ್ಡು ಸಾಲಲಿಲ್ಲವಾ ಎಂದು ಕೇಳಿದಳು. ಅರಾಂಕಾ ಮೇಣದ ಬತ್ತಿ ನೆಟ್ಟಗೆ ಮಾಡುತ್ತ, ‘ಅವನಿಗೆ ಇಷ್ಟ ಇರ್ಲಿಲ್ಲ’ ಎಂದರು.

ಯೋಲಾನಾ ಬೀಬಿ ಮರುದಿನವೇ ನಿಲ್ದಾಣದಲ್ಲಿದ್ದರು. ಇನ್ನು ಮೇಲಾದರೂ ಕೇಳದೆ ತೆಗೆಯುತ್ತೀರಾ ಎಂದು ವಿಚಾರಿಸಿದೆ. ಬಸ್ಸಿನ ಕಂಬಿ ಹಿಡಿದು ಒಂದು ಮಂಡಿಯನ್ನು ಕಷ್ಟಪಟ್ಟು ಮೇಲೆತ್ತಿ ನಿಂತರು.

‘ಇಲ್ಲಪ್ಪ. ಕದ್ರೆ ಆ ಗಾಜೊಗೂ ನಂಗೂ ಏನು ವ್ಯತ್ಯಾಸ? ಆದ್ರೆ ಗೇಜಾನ್ನ ನಾನು ಒಂದೇ ಸಲ ಕೇಳಿದ್ದು. ಬೇಡ ಅಂದ, ಬಿಟ್ಟುಬಿಟ್ಟೆ. ಈಗ ಬೇಡ ಅಂದೋರನ್ನ ಮಾರನೇ ದಿನ ಮತ್ತೆ ಕೇಳ್ತೀನಿ.’