ದೊಡ್ಡಪ್ಪನ ಸೈಕಲ್ಲು

ಅದು ಐದನೇ ತರಗತಿಯೋ ಆರನೆಯದೋ ಖಚಿತವಿಲ್ಲ. ತೊಂಬತ್ತರ ದಶಕದಲ್ಲಿ ಟಿ. ನರಸೀಪುರದ ನಮ್ಮ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದರಿಂದ, ಹಾಗಾಗಿ ಐದೇ ಇರಬೇಕು. ಆಡಿದ ಮಾತುಗಳನ್ನೂ ನಾನು ಆಮೇಲೆ ತಿದ್ದಿಕೊಂಡಿರಬಹುದು.

ನಾನಿದ್ದದ್ದು ದೊಡ್ಡಮ್ಮನ ಮನೆಯಲ್ಲಿ. ಅವಳಿಗೆ ಮಕ್ಕಳಿರಲಿಲ್ಲ. ಹುಲ್ಲಹಳ್ಳಿಯಲ್ಲಿ ನನ್ನ ಹಿಂದೆಯೇ ಇನ್ನೊಂದು ಮಗು ಹುಟ್ಟಿದಾಗ, ಹೆತ್ತವಳು ನನ್ನನ್ನು ತನ್ನ ಅಕ್ಕನಿಗೆ ಕೊಟ್ಟಳು. ನಮ್ಮ ಕಡೆ ಅದಕ್ಕೆ ಕಾಗದಪತ್ರ ಮಾಡುತ್ತಿರಲಿಲ್ಲ. ದೊಡ್ಡಮ್ಮನನ್ನು ಅಮ್ಮ, ದೊಡ್ಡಪ್ಪನನ್ನು ಅಪ್ಪ ಎನ್ನುತ್ತಿದ್ದೆ. ಹಬ್ಬಕ್ಕೆ ಬಂದುಹೋಗುವ ಹೆತ್ತವಳು ಅವ್ವ. ಎಲ್ಲರಿಗೂ ‘ನಮ್ಮ’ ಸೇರಿಸುತ್ತಿದ್ದೆ, ಯಾರೂ ಏನೂ ಕೇಳುತ್ತಿರಲಿಲ್ಲ.

ಇಂಗ್ಲಿಷ್ ಮಿಸ್ ಒಂದು ದಿನ ಯಾವುದು ಯಾರದು ಎಂದು ಹೇಳುವುದನ್ನು ಕಲಿಸಿದರು. ಹೆಸರಾದ ಮೇಲೆ ತುದಿಯಲ್ಲಿ ಸಣ್ಣ ಕೊಕ್ಕೆ, ಪಕ್ಕಕ್ಕೆ ಎಸ್. ಒಬ್ಬೊಬ್ಬರೂ ಎದ್ದು ಮನೆಯ ಒಂದು ವಸ್ತು ಹೇಳಬೇಕು. ನಾನು ‘ಅವರ್ ಫಾದರ್ಸ್ ಸೈಕಲ್’ ಎಂದೆ.

“ಅವರ್ ಅಲ್ಲ, ಮೈ. ನಿಮ್ಮಪ್ಪ ಇಡೀ ಕ್ಲಾಸಿಗೇ ಅಪ್ಪನಾ?”

ಎಲ್ಲರೂ ನಕ್ಕರು. ನಮ್ಮ ಬೀದಿಯ ಹುಡುಗಿಯೊಬ್ಬಳು ಎದ್ದಳು. “ಮಿಸ್, ಅವ್ರು ಇವಳಪ್ಪ ಅಲ್ಲ ಮಿಸ್, ದೊಡ್ಡಪ್ಪ. ಸಾಕ್ಕೊಂಡಿರಾದು.”

ಮಿಸ್ ಬೋರ್ಡಿನ ಮೇಲೆ ಬರೆದಿದ್ದ ನನ್ನ ವಾಕ್ಯದಲ್ಲಿ ಫಾದರ್ ಅಳಿಸಿ ಅಂಕಲ್ ಎಂದು ಬರೆದರು. ನಾನೂ ಬರೆದುಕೊಂಡೆ.

ಸಂಜೆ ಅದನ್ನೇ ಗಟ್ಟಿಯಾಗಿ ಓದುತ್ತಿದ್ದಾಗ ದೊಡ್ಡಮ್ಮ ಕೇಳಿದಳು, “ಅಂಗಂದ್ರೆ ಏನವ್ವಾ?”

“ದೊಡ್ಡಪ್ಪನ ಸೈಕಲ್ಲು ಅಂತ. ಅಪ್ಪ ಅಂದ್ರೆ ತಪ್ಪಂತೆ.”

ಜಗಲಿಯಿಂದ ದೊಡ್ಡಪ್ಪ, “ಸೈಕಲ್ಲಾದ್ರೂ ನಂದೇ ತಾನೇ? ಅದ್ನೂ ಅಳಿಸ್ಬುಟ್ರಾ?” ಎಂದ.

ದೊಡ್ಡಮ್ಮ ನಗಲಿಲ್ಲ. “ಓದು,” ಎಂದಳು. ಓದಿದೆ.

ಆ ಬೇಸಿಗೆ ರಜೆಗೆ ಅವ್ವ ನನ್ನನ್ನು ಕರೆದೊಯ್ಯಲು ಬಂದಳು. ರಜೆಗೆಂದು ಯಾವಾಗಲೂ ಎರಡು ಜೊತೆ ಬಟ್ಟೆ ಇಡುತ್ತಿದ್ದ ದೊಡ್ಡಮ್ಮ ಆ ಸಲ ಸ್ವೆಟರನ್ನೂ ಬ್ಯಾಗಿಗೆ ಹಾಕಿದಳು. ನಾನು ಯಾಕೆಂದು ಕೇಳಲಿಲ್ಲ. ನಂಜನಗೂಡಿನಲ್ಲಿ ಬಸ್ಸು ಬದಲಿಸುವಾಗ ಅವ್ವ ಕಡಲೆಕಾಯಿ ಕೊಡಿಸಿದಳು, ತಿಂದೆ. ಅತ್ತ ನೆನಪಿಲ್ಲ. ಅತ್ತಿದ್ದರೆ ಇಷ್ಟು ವರ್ಷದಲ್ಲಿ ಯಾರಾದರೂ ಹೇಳಿರುತ್ತಿದ್ದರು. ಜೂನ್‌ನಲ್ಲಿ ಹುಲ್ಲಹಳ್ಳಿಯ ಶಾಲೆಗೇ ಸೇರಿಸಿದರು. ಅಲ್ಲಿ ‘ಮೈ ಫಾದರ್ಸ್ ಹೌಸ್’ ಎಂದಾಗ ಯಾರೂ ತಿದ್ದಲಿಲ್ಲ.

ಮುಂದೆ ಮೈಸೂರಿನಲ್ಲಿ ಎಂ.ಎ. ಓದುವಾಗ ಗಮನಿಸಿದೆ: ಇಂಗ್ಲಿಷಿನಲ್ಲಿ ಕೊಡೆಗೂ ಅಮ್ಮನಿಗೂ ಒಂದೇ ‘ಹ್ಯಾವ್’ ಸಾಕು. ಕನ್ನಡದಲ್ಲಿ ಕೊಡೆ ನನ್ನ ಹತ್ತಿರ ಇರುತ್ತದೆ, ಅಮ್ಮ ನನಗೆ ಇರುತ್ತಾಳೆ. ಇದು ತಿಳಿದದ್ದರಿಂದ ಏನೂ ಬದಲಾಗಲಿಲ್ಲ.

ಆ ವರ್ಷಗಳಲ್ಲೇ ಒಮ್ಮೆ ನರಸೀಪುರಕ್ಕೆ ಹೋಗಿದ್ದೆ. ದೊಡ್ಡಮ್ಮ ಸಾರಿಗೆ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಎದುರಿಗೆ ಕೂತು ನಾನೂ ಹಿಸುಕಿದೆ. ಆಗ ಕೇಳಿದ್ದಕ್ಕೆ ಅವಳು ಇನ್ನೂ ಉತ್ತರ ಕೊಟ್ಟಿಲ್ಲ.

“ಅಮ್ಮ, ಆ ಸಲ ಅವ್ವನೇ ನನ್ನ ವಾಪಸ್ ಕೇಳಿದ್ಲಾ, ಇಲ್ಲ ನೀನೇ ಕರ್ಕೊಂಡೋಗು ಅಂದ್ಯಾ?”