‘ಅನಿಶ್ಚಿತ’ ಎಂದು ಬರೆದವಳು ನಾನೇ

ಕಳೆದ ವರ್ಷ ಆಷಾಢದಲ್ಲಿ ನನ್ನ ತಂಗಿ ಸುಜಾತಳಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ರಕ್ತ ಪರೀಕ್ಷೆಯಲ್ಲಿ ಒಂದು ಜೀನ್‌ನಲ್ಲಿ ಸಣ್ಣ ಬದಲಾವಣೆಯೂ ಸಿಕ್ಕಿತು. ಅದು ಅಪಾಯದ್ದಾದರೆ ಅಂಡಾಶಯವನ್ನೂ ತೆಗೆಸಬೇಕು, ಅಲ್ಲವಾದರೆ ಬೇಡ. ತಿಳಿಯಲೆಂದು ಪರೇಲ್‌ನ ಆಸ್ಪತ್ರೆಯ ಡಾಕ್ಟರು ಕಂಪ್ಯೂಟರ್‌ನಲ್ಲಿ ತೆರೆದದ್ದು ಎಂಟು ವರ್ಷದಿಂದ ನಾನೇ ನೋಡಿಕೊಳ್ಳುತ್ತಿರುವ ಪಟ್ಟಿಯನ್ನು. ಕ್ಯಾನ್ಸರ್ ತರಬಹುದಾದ ಜೀನ್ ಬದಲಾವಣೆಗಳ ಪಟ್ಟಿ ಅದು, ಯಾರು ಬೇಕಾದರೂ ನೋಡಬಹುದು. ಸುಜಾತಳಲ್ಲಿ ಸಿಕ್ಕ ಬದಲಾವಣೆಯ ಮುಂದೆ ‘ಅನಿಶ್ಚಿತ’ ಎಂದಿತ್ತು. ಬರೆದವಳು ನಾನೇ.

“ನಿಮ್ಮ ಲಿಸ್ಟೇ ಹೀಗೆ ಹೇಳಿದ್ರೆ ನಾನು ಆಪರೇಷನ್ ಹೇಗೆ ಮಾಡ್ಲಿ ಮೇಡಂ?” ಎಂದು ಡಾಕ್ಟರು ಕೈಚೆಲ್ಲಿದರು.

ಖಚಿತವಾಗಬೇಕಾದರೆ ಅದೇ ಬದಲಾವಣೆ ಇರುವ ಬೇರೆ ಕುಟುಂಬಗಳ ವರದಿ ಬೇಕು. ಹೆಸರು ಅಳಿಸಿ ಕಳಿಸಿ ಎಂದು ಲ್ಯಾಬ್‌ಗಳನ್ನು ವರ್ಷಗಳಿಂದ ಬೇಡುತ್ತಿದ್ದೆ. ಒಬ್ಬರು ಅನುಮತಿ ಇಲ್ಲ ಎಂದರು, ಇನ್ನೊಬ್ಬರು ಫಾರ್ಮ್ ತಪ್ಪು ಎಂದರು, ಉಳಿದವರು ಉತ್ತರವನ್ನೇ ಕೊಡಲಿಲ್ಲ.

ಕುರ್ಲಾದ ಮನೆಯಲ್ಲಿ ತಂಗಿ ಕೇಳಿದಳು, “ಅಕ್ಕ, ಪಾಸ್‌ವರ್ಡ್ ನಿನ್ನ ಹತ್ರವೇ ಉಂಟಲ್ಲ. ಒಂದು ಪದ ಬದಲಾಯಿಸಿದ್ರೆ ಏನಾಗ್ತದೆ?”

“ಬೇರೆ ಯಾವಳೋ ಅದನ್ನು ನಂಬಿ ಸುಮ್ಮನೆ ಹೊಟ್ಟೆ ಕೊಯ್ಸಿಕೊಳ್ತಾಳೆ ಮಾರಾಯ್ತಿ,” ಎಂದೆ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಂಗಳವಾರ ಮಾಟುಂಗದ ದೇವಸ್ಥಾನದಲ್ಲಿ ದೇವಿಯೆದುರು ನಿಂತು ಜಗಳವನ್ನೇ ಆಡಿದೆ. ‘ಗುಣ ಮಾಡು ಎಂದು ಕೇಳುತ್ತಿಲ್ಲ ತಾಯಿ. ಯಾರಾದರೊಬ್ಬರು ಉತ್ತರ ಬರೆಯುವಂತೆ ಮಾಡು. ನಿನ್ನಿಂದ ಅಷ್ಟೂ ಆಗದೇ?’

ಪ್ರಸಾದದ ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು ತಿರುಗಿ, ನನ್ನ ಕುತ್ತಿಗೆಯಲ್ಲಿದ್ದ ಆಫೀಸ್ ಕಾರ್ಡಿನಲ್ಲಿ ಹೆಸರು ಓದಿದರು. “ಅಯ್ಯೋ, ನಮ್ಮ ಲ್ಯಾಬ್‌ಗೆ ಮೇಲ್ ಹಾಕುವವರು ನೀವೇಯಾ? ಅದನ್ನು ನೋಡುವವರು ಕೆಲಸ ಬಿಟ್ಟು ವರ್ಷ ಆಯ್ತು. ಮೊನ್ನೆ ಅವರ ಮೇಲ್‌ಬಾಕ್ಸ್ ನನಗೆ ಕೊಟ್ರು. ತೆರೆದ್ರೆ ಪೂರಾ ನಿಮ್ದೇ ಹೆಸರು!”

ನನಗೆ ಅಳು ಬರಲಿಲ್ಲ, ಕೋಪ ಬಂತು. ಅಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಆಕೆ ಮೇಲಿನವರ ಅನುಮತಿ ಪಡೆದು, ಹದಿನೈದು ದಿನದಲ್ಲಿ ಮೂರು ಕುಟುಂಬಗಳ ವರದಿ ಕಳಿಸಿದರು. ಆ ಬದಲಾವಣೆ ಇದ್ದವರಿಗೇ ಕಾಯಿಲೆ ಬಂದಿತ್ತು. ನನ್ನ ತಂಗಿಯ ವಿಷಯವೆಂದು ನಾನು ಚರ್ಚೆಯಿಂದ ಹೊರಗುಳಿದೆ. ನಮ್ಮ ಪಟ್ಟಿಯ ತಜ್ಞರ ಸಮಿತಿಯೇ ಕುಳಿತು ‘ರೋಗಕಾರಕ’ ಎಂದು ತೀರ್ಮಾನಿಸಿತು.

ಆಪರೇಷನ್ ಆಯಿತು. ತೆಗೆದ ಅಂಡಾಶಯದಲ್ಲಿ ಸಾಸಿವೆಯಷ್ಟು ಕ್ಯಾನ್ಸರ್ ಆಗಲೇ ಇತ್ತು. “ಯಾವ ಸ್ಕ್ಯಾನ್‌ನಲ್ಲೂ ಕಂಡಿರಲಿಲ್ಲ. ಬೇಗ ಸಿಕ್ತು,” ಎಂದರು ಡಾಕ್ಟರು. ಚಿಕಿತ್ಸೆ ಮುಗಿಸಿದ ಸುಜಾತ ಈಗ ಮತ್ತೆ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುತ್ತಾಳೆ.

ಲ್ಯಾಬ್‌ಗಳು ಈಗಲೂ ತಡ ಮಾಡುತ್ತವೆ, ನಾನು ಈಗಲೂ ರೇಗುತ್ತೇನೆ. ಆದರೆ ನನ್ನ ಪತ್ರಗಳನ್ನು ಓದಬೇಕಾದವರನ್ನು ಅಂದು ನನ್ನೆದುರೇ ತಂದು ನಿಲ್ಲಿಸಿದವಳು ಆ ತಾಯಿ. ಸಿಟ್ಟಿನಿಂದ ಕೇಳಿದರೂ ಅವಳು ಕೇಳಿಸಿಕೊಳ್ಳುತ್ತಾಳೆ, ಬಂಧುಗಳೇ. ಅವಳ ಪಾದಕ್ಕೆ ಶರಣು.